ಅಮ್ಮ ಕೇಳಿದ ತಂಪು

ಮೊದಲು ಬಂದದ್ದು ಜ್ವರ. ಅದಕ್ಕೆ ನಾವ್ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಇದೇ ವರ್ಷ ಎಲ್‌ಕೆಜಿಗೆ ಸೇರಿದ ಮಗುವಿಗೆ ಆಗಾಗ ಜ್ವರ ಬರದೇ ಇದ್ದರೆ ಅದು ಸುದ್ದಿ. ಪ್ಯಾರಸಿಟಮಾಲ್ ಸಿರಪ್ ಕೊಟ್ಟೆವು, ಇಳಿಯಿತು. ಬೆಳಿಗ್ಗೆ ಎದ್ದ ಮಗಳು ಚಿನ್ನು ಅರ್ಧ ಇಡ್ಲಿ ತಿಂದು, ಇನ್ನರ್ಧವನ್ನು ಯಾರಿಗೂ ಕಾಣದ ಹಾಗೆ ಸೋಫಾದ ಸಂದಿಗೆ ತುರುಕಿದಳು. ಎಲ್ಲ ಸರಿಯಾಗಿದೆ ಎಂದುಕೊಂಡು ನಾನು ಕೆಳಗಿಳಿದು ಅಂಗಡಿಯ ಷಟರ್ ಎತ್ತಿದೆ.

ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪುಗಳನ್ನು ತರುತ್ತಾರೆ, ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತೇನೆ. ಮಾರೇನಹಳ್ಳಿಯಲ್ಲಿ ನಮ್ಮ ಮನೆಯ ಕೆಳಗೇ ಇದೆ. ಮೊದಲ ಮಹಡಿಯಲ್ಲಿ ನಾವು, ಅದರ ಮೇಲೆ ಒಂದು ಬಾಡಿಗೆ ಸಂಸಾರ. ಹೆಂಡತಿ ರೇಖಾ ಕೆಂಗೇರಿ ಕಡೆಯ ಒಂದು ಶಾಲೆಯಲ್ಲಿ ಗಣಿತದ ಟೀಚರ್. ಬೆಳಿಗ್ಗೆ ಹೋದರೆ ಬರುವುದು ಸಂಜೆಗೇ. ಆಗ ಅವಳ ಶಾಲೆಯಲ್ಲಿ ಪರೀಕ್ಷೆ, ರಜೆ ಎಂಬ ಮಾತೇ ಎತ್ತುವಂತಿರಲಿಲ್ಲ. ಹಾಗಾಗಿ ಮಗುವಿಗೆ ಹುಷಾರು ತಪ್ಪಿದರೆ ನೋಡಿಕೊಳ್ಳಬೇಕಾದವರು ಇಬ್ಬರು, ನಾನು ಮತ್ತು ನನ್ನ ತಾಯಿ. ಅವಳನ್ನು ನಾನು ಅವ್ವ ಎನ್ನುತ್ತೇನೆ. ಕಾಯಿಲೆಯಾಗಿದ್ದು ಚಿನ್ನುವಿಗೆ. ಬಿಪಿ ಏರಿದ್ದು ನನಗೆ, ಏರಿಸಿದ್ದು ಅವ್ವ.

ಮಧ್ಯಾಹ್ನದ ಹೊತ್ತಿಗೆ ಅವ್ವ ಮೇಲಿನಿಂದ ಕೂಗಿದಳು. "ಬಾರೋ ಇಲ್ಲಿ. ಮಗೂ ಕೈ ನೋಡು."

ಅಂಗೈಯಲ್ಲಿ ಕೆಂಪು ಚುಕ್ಕೆಗಳು. ಪಾದದ ಅಡಿಯಲ್ಲಿ, ಮಂಡಿಯ ಸುತ್ತ, ಚಡ್ಡಿ ಸರಿಸಿದರೆ ಕುಂಡೆಯ ಮೇಲೂ ಇದ್ದವು. ಕೆಲವು ಬೊಬ್ಬೆಗಳಾಗಿ ಒಳಗೆ ನೀರು ತುಂಬಿಕೊಂಡಿದ್ದವು. ನಾನು ಸೊಳ್ಳೆಯೋ ತಿಗಣೆಯೋ ಎಂದು ಯೋಚಿಸುತ್ತಿರುವಾಗಲೇ ಅವ್ವ ಸೆರಗು ಸರಿಮಾಡಿಕೊಂಡು ಎರಡೂ ಕೈ ಮುಗಿದಳು.

"ಅಮ್ಮ ಬಂದವ್ಳೆ."

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಗುವಿನ ಮೈಮೇಲೆ ಬೊಬ್ಬೆ ಎದ್ದರೆ ನಮ್ಮವರು ಅದನ್ನು ಕಾಯಿಲೆ ಎನ್ನುವುದಿಲ್ಲ. ಊರಮ್ಮ ಮಾರಮ್ಮನೇ ಮಗುವಿನ ಮೈಗೆ ಬಂದಿದ್ದಾಳೆ ಎನ್ನುತ್ತಾರೆ. ಬಂದವಳನ್ನು ಮರ್ಯಾದೆಯಿಂದ ಇರಿಸಿಕೊಂಡು ಮರ್ಯಾದೆಯಿಂದಲೇ ಕಳಿಸಬೇಕು. ಮನೆಯಲ್ಲಿ ಒಗ್ಗರಣೆಯ ಘಾಟು ಏಳಬಾರದು. ಬಾಗಿಲಿಗೆ, ಹಾಸಿಗೆಗೆ ಬೇವಿನ ಸೊಪ್ಪು. ಡಾಕ್ಟರು, ಸೂಜಿ ಕೂಡದು. ಮಗುವನ್ನು ಬೈಯಬಾರದು, ಯಾಕೆಂದರೆ ಅದು ಈಗ ಮಗುವಲ್ಲ. ಅದು ಕೇಳಿದ್ದನ್ನು ಕೊಡಬೇಕು, ಬೇಡ ಎಂದದ್ದನ್ನು ಬಲವಂತ ಮಾಡಬಾರದು. ಈ ಕೊನೆಯ ಎರಡು ನಿಯಮಗಳಿಂದ ನಾನು ಪಟ್ಟ ಪಾಡು ಆ ಮಾರಮ್ಮನಿಗೇ ಪ್ರೀತಿ.

ಅವತ್ತೇನೂ ನಾನು ಜಗಳಕ್ಕೆ ನಿಲ್ಲಲಿಲ್ಲ. ಪಾರ್ಕಿನ ಮೂಲೆಯ ಮರದಿಂದ ಬೇವಿನ ಸೊಪ್ಪು ಮುರಿದು ತಂದುಕೊಟ್ಟೆ. ಆದರೆ ಶಾಲೆಯಿಂದ ಬಂದ ರೇಖಾ ಬ್ಯಾಗ್ ಕೂಡ ಇಳಿಸದೆ, "ರೀ, ಸ್ಕೂಟರ್ ತೆಗೀರಿ" ಎಂದಳು. ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಅಮ್ಮ ಇರೋ ಮಗೂನ ಆಚೆಗೆ ಕರ್ಕೊಂಡು ಹೋಗ್ತಾರೇನೇ ಯಾರಾದ್ರೂ?"

"ಅತ್ತೆ, ಅಮ್ಮನ್ನೂ ಕರ್ಕೊಂಡೇ ಹೋಗ್ತೀವಿ, ಬಿಡಿ" ಎಂದಳು ರೇಖಾ. ಗಣಿತದ ಟೀಚರಿಗೆ ಇಂಥ ಉತ್ತರಗಳು ಎಲ್ಲಿಂದ ಹೊಳೆಯುತ್ತವೋ ನನಗೆ ಗೊತ್ತಿಲ್ಲ. ಅವ್ವ ದಾರಿ ಬಿಟ್ಟಳು.

ಬಸವೇಶ್ವರನಗರದ ಮಕ್ಕಳ ಕ್ಲಿನಿಕ್ಕು. ಸಾಲಿನಲ್ಲಿ ಕೂತಿದ್ದಾಗ ನಾನು ಚಿನ್ನುವಿನ ಕ್ಲಾಸಿನ ವಾಟ್ಸಾಪ್ ಗ್ರೂಪು ತೆರೆದೆ. ತೆರೆಯಬಾರದಿತ್ತು. ಕ್ಲಾಸಿನ ಇನ್ನೂ ಕೆಲವು ಮಕ್ಕಳಿಗೆ ಇದೇ ಚುಕ್ಕೆ ಎದ್ದಿತ್ತು. ಒಬ್ಬ ತಾಯಿ, ಇದು ಟೊಮ್ಯಾಟೊ ಜ್ವರ, ಮನೆಯಲ್ಲಿ ಯಾರೂ ಟೊಮ್ಯಾಟೊ ತರಬೇಡಿ ಎಂದು ಬರೆದಿದ್ದಳು. ಅದಕ್ಕೆ ಕೈ ಮುಗಿದ ಚಿತ್ರಗಳು ಸಾಲು ಸಾಲಾಗಿ ಬಂದಿದ್ದವು. ಒಬ್ಬ ತಂದೆ ಹೋಮಿಯೋಪಥಿ ಗುಳಿಗೆಯ ಫೋಟೋ ಹಾಕಿದ್ದ. ಇನ್ನೊಬ್ಬರು ತಮ್ಮ ಮಗುವಿಗೆ ಸೊಳ್ಳೆ ಕಚ್ಚಿದ್ದಷ್ಟೇ, ನಾಳೆಯಿಂದ ಕಳಿಸುತ್ತೇವೆ ಎಂದಿದ್ದರು. ಯಾರ ಮಗುವಿಗೆ ಮೊದಲು ಬಂತು ಎಂದು ಕೇಳಿದರೆ ಮಾತ್ರ ಇಡೀ ಗ್ರೂಪಿಗೆ ನಿದ್ದೆ ಬಂದಿತ್ತು. ಫೋನ್ ಜೇಬಿಗೆ ಹಾಕಿದೆ.

ಡಾಕ್ಟರಮ್ಮ ಅಂಗೈ ನೋಡಿದ್ದು ಒಂದೇ ಕ್ಷಣ. ಆಮೇಲೆ ಟಾರ್ಚ್ ಹಿಡಿದು, "ಬಾಯಿ ಆ ಮಾಡು ಪುಟ್ಟಾ" ಎಂದರು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಒಬ್ಬರೂ ಅವಳ ಬಾಯಿಯ ಒಳಗೆ ನೋಡಿರಲಿಲ್ಲ. ಅವರ ಭುಜದ ಮೇಲಿಂದ ನಾನೂ ಬಗ್ಗಿ ನೋಡಿದೆ. ನಾಲಿಗೆಯ ಅಂಚಿನಲ್ಲಿ, ಕೆನ್ನೆಯ ಒಳಭಾಗದಲ್ಲಿ, ಗಂಟಲಿನ ಹತ್ತಿರ, ಎಲ್ಲ ಕಡೆ ಹುಣ್ಣು. ಬಿಳಿಯ ತಳ, ಸುತ್ತ ಕೆಂಪು.

"ಚಿಕನ್‌ಪಾಕ್ಸ್ ಅಲ್ಲ ಇದು. ಹ್ಯಾಂಡ್ ಫುಟ್ ಅಂಡ್ ಮೌತ್. ವೈರಲ್. ಈಗ ಎಲ್ಲಾ ಸ್ಕೂಲಲ್ಲೂ ಓಡಾಡ್ತಾ ಇದೆ."

"ಆ್ಯಂಟಿಬಯಾಟಿಕ್ ಏನಾದ್ರೂ ಮೇಡಂ?"

"ಬೇಡ. ವೈರಸ್ ಮೇಲೆ ಅದು ಕೆಲಸ ಮಾಡಲ್ಲ. ನೋವಿಗೆ, ಜ್ವರಕ್ಕೆ ಸಿರಪ್ ಕೊಡಿ. ಒಂದು ವಾರ, ಹತ್ತು ದಿನದಲ್ಲಿ ತಾನಾಗೇ ಹೋಗುತ್ತೆ. ಚುಕ್ಕೆ ನೋಡಿ ಹೆದರ್ಬೇಡಿ ಸಾರ್, ಚುಕ್ಕೆಯಿಂದ ಏನೂ ಆಗಲ್ಲ. ನೀವು ನೋಡ್ಬೇಕಾಗಿರೋದು ಬಾಯಿ. ನೋವಿಗೆ ಹೆದರಿ ಮಕ್ಕಳು ನೀರೇ ಕುಡಿಯಲ್ಲ. ಆಗ ಡೀಹೈಡ್ರೇಷನ್ ಆಗುತ್ತೆ. ಊಟ ಬಿಟ್ರೂ ಪರವಾಗಿಲ್ಲ, ಕುಡಿಯೋದು ಬಿಡಬಾರ್ದು. ಯೂರಿನ್ ಎಷ್ಟು ಸಲ ಹೋಗ್ತಾಳೆ ಅಂತ ಗಮನ ಇಡಿ."

ಎಂಜಲು, ಸೀನು, ಮಲ, ಬೊಬ್ಬೆಯ ನೀರು, ಎಲ್ಲದರಿಂದಲೂ ಹರಡುತ್ತದೆ ಎಂದರು. ಲೋಟ, ಚಮಚ, ಟವೆಲ್ ಬೇರೆ ಇಡಿ, ಅವಳನ್ನು ತೊಳೆಸಿದ ಮೇಲೆ ಸೋಪು ಹಾಕಿ ಕೈ ತೊಳೆದುಕೊಳ್ಳಿ ಎಂದರು. ಕುಡಿಯಲು ತಣ್ಣಗಿನ ಹಾಲು, ಎಳನೀರು, ಮಜ್ಜಿಗೆ. ಹುಳಿ, ಖಾರ ಬೇಡ. "ಐಸ್ ಕ್ರೀಮ್ ಬೇಕಾದ್ರೂ ಕೊಡಿ, ಉರಿ ಕಡಿಮೆ ಮಾಡುತ್ತೆ" ಎಂದರು. ಬರುವಾಗ ದಾರಿಯಲ್ಲಿ ಒಂದು ವೆನಿಲ್ಲಾ ಕಪ್ ತಂದೆ.

ಮನೆಗೆ ಬಂದು ಅವ್ವನಿಗೆ ಬಿಡಿಸಿ ಹೇಳಿದೆ. ಕೈ, ಕಾಲು, ಬಾಯಿ ಎಂದು ಬೆರಳು ಮಡಿಸಿ ತೋರಿಸಿದೆ. ಅವ್ವನ ಮುಖ ಕೆಂಪಗಾಯಿತು.

"ಕಾಲುಬಾಯಿ ಜ್ವರ ಅಂದ್ಲಾ? ನನ್ನ ಮೊಮ್ಮಗಳೇನು ಸೀಮೆಹಸೂನಾ?"

ತಪ್ಪು ಅವಳದ್ದೂ ಅಲ್ಲ. ಈಗ ನಾವಿರುವ ಮನೆಯ ಜಾಗದಲ್ಲಿ ಮೊದಲು ನಮ್ಮ ಕೊಟ್ಟಿಗೆ ಇತ್ತು. ದನಗಳಿಗೆ ಕಾಲುಬಾಯಿ ಬಂದು ಗೊರಸು ಕೊಳೆತು, ಜೊಲ್ಲು ಸುರಿಸಿಕೊಂಡು ನಿಲ್ಲುತ್ತಿದ್ದುದನ್ನು ಅವ್ವ ಕಣ್ಣಾರೆ ಕಂಡವಳು. ಅದು ಬೇರೆ ವೈರಸ್, ಇದು ಬೇರೆ, ಹಸುವಿನದು ಮಕ್ಕಳಿಗೆ ಬರುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ ಗೋಡೆಗೆ ಹೇಳಿದ ಹಾಗಾಯಿತು. ಮಾರಮ್ಮನನ್ನು ಹಿಡಿದು ದನದ ರೋಗ ಎಂದ ಡಾಕ್ಟರ ಮೇಲೆ ಅವಳಿಗೆ ಒಂದು ಚೂರೂ ನಂಬಿಕೆ ಉಳಿಯಲಿಲ್ಲ. ಜ್ವರದ ಮಗುವಿಗೆ ಐಸ್ ತಂದ ಮಗನ ಮೇಲಂತೂ ಮೊದಲೇ ಇರಲಿಲ್ಲ. ನಾನು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ವೆನಿಲ್ಲಾ ಕಪ್ ಮೇಲಿನ ಮನೆಯ ಮಕ್ಕಳ ಪಾಲಾಗಿತ್ತು.

ಒಂದು ಮಾತು ಒಪ್ಪಬೇಕು. ಲೋಟ, ತಟ್ಟೆ, ಬಟ್ಟೆ ಬೇರೆ ಇಡುವ ವಿಷಯದಲ್ಲಿ ಡಾಕ್ಟರಿಗೂ ಮಾರಮ್ಮನಿಗೂ ಜಗಳವಿರಲಿಲ್ಲ. ಅವ್ವ ಅದನ್ನು ಆಗಲೇ ಮಾಡಿ ಮುಗಿಸಿದ್ದಳು.

ಮರುದಿನ ಹೇಗೋ ಕಳೆಯಿತು. ಅದರ ಮರುದಿನ ಕೆಟ್ಟಿತು.

ಚಿನ್ನು ಎದ್ದವಳು ಮಾತಾಡಲಿಲ್ಲ. ನಮ್ಮ ಚಿನ್ನು ಮಾತಾಡದೆ ಇರುವುದೆಂದರೆ ಏನು ಎಂದು ನಮ್ಮ ರಸ್ತೆಯವರನ್ನು ಕೇಳಬೇಕು. ಹಾಲಿನವನಿಗೆ, ಕಸದ ಗಾಡಿಯವರಿಗೆ, ಮೋಟಾರ್ ತಂದ ಗಿರಾಕಿಗೆ, ಎಲ್ಲರಿಗೂ ಅವಳದು ಒಂದೊಂದು ಪ್ರಶ್ನೆ ಇದ್ದೇ ಇರುತ್ತದೆ. ಅಂಥವಳು ದಿಂಬಿಗೆ ಒರಗಿ, ಬಾಯಿ ಅರ್ಧ ತೆರೆದು, ಜೊಲ್ಲು ಇಳಿಬಿಟ್ಟುಕೊಂಡು ಕೂತಿದ್ದಳು. ಎಂಜಲು ನುಂಗಲೂ ಆಗುತ್ತಿರಲಿಲ್ಲ. ನೀರಿನ ಲೋಟ ಹತ್ತಿರ ತಂದರೆ ಮುಖ ತಿರುಗಿಸಿದಳು.

ಅಂಗಲಾಚಿದೆ. ಮೊಬೈಲ್ ಕೊಡುತ್ತೇನೆ ಎಂದೆ. ಕೊನೆಗೆ ಎಲ್ಲ ಅಪ್ಪಂದಿರೂ ಹೇಳುವ ಮಾತನ್ನೇ ಹೇಳಿದೆ. "ಒಂದೇ ಒಂದು ಗುಟುಕು ಪುಟ್ಟಾ. ಉರಿಯಲ್ಲ. ಅಪ್ಪ ಪ್ರಾಮಿಸ್."

ನಂಬಿದಳು. ಒಂದು ಗುಟುಕು ಕುಡಿದಳು. ಉರಿಯಿತು. ಅವಳು ಕಿರುಚಿದ ಕಿರುಚಾಟಕ್ಕೆ ಮೇಲಿನ ಮನೆಯ ಹೆಂಗಸು ಮೆಟ್ಟಿಲಿಗೆ ಓಡಿಬಂದಳು. ಅಲ್ಲಿಂದಾಚೆ ನಾನು ಲೋಟ ಹಿಡಿದು ಬಂದರೆ ಸಾಕು, ಚಿನ್ನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ನನ್ನ ಕೈಯಿಂದ ಎಳನೀರಿಲ್ಲ, ಮಜ್ಜಿಗೆಯಿಲ್ಲ, ನೋವಿನ ಸಿರಪ್ಪೂ ಇಲ್ಲ.

ಅವ್ವ ಹಾಸಿಗೆಯ ಪಕ್ಕದಲ್ಲಿ ಚಾಪೆ ಹಾಕಿಕೊಂಡು, ಬೇವಿನ ಎಸಳಿನಿಂದ ಗಾಳಿ ಬೀಸುತ್ತಾ ಕೂತಿದ್ದಳು. ಮುಖದಲ್ಲಿ ಸ್ವಲ್ಪವೂ ಗಾಬರಿಯಿಲ್ಲ.

"ಅಮ್ಮ ಮೌನವಾಗಿ ಕೂತವ್ಳೆ. ಬೇಕಾದಾಗ ಕೇಳ್ತಾಳೆ. ನೀನು ಹೋಗಿ ಅಂಗಡಿ ನೋಡ್ಕೊ."

"ಅವ್ವಾ, ಬಾಯಿ ತುಂಬಾ ಹುಣ್ಣು ಕಣವ್ವಾ. ನೋವಿಗೆ ಕುಡೀತಿಲ್ಲ ಅವಳು."

"ಬಲವಂತ ಮಾಡ್ಬ್ಯಾಡ ಅಂದ್ನಲ್ಲ. ಮುನಿಸ್ಕೊಂಡ್ರೆ ಮೈಮೇಲಿಂದ ಒಳಕ್ಕೆ ಇಳೀತಾಳೆ, ಆಮೇಲೆ ಜೀವಕ್ಕೇ ಕಷ್ಟ."

ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಅವ್ವ ಕೆಟ್ಟವಳಾಗಿದ್ದರೆ ಸುಲಭವಿತ್ತು, ಬೈದು ಬದಿಗೆ ಸರಿಸಬಹುದಿತ್ತು. ಆದರೆ ಅವಳು ಎರಡು ರಾತ್ರಿಯಿಂದ ಮಗುವಿನ ಪಕ್ಕ ನೆಲದ ಮೇಲೆ ಮಲಗಿದ್ದಳು. ಒಗ್ಗರಣೆಯಿಲ್ಲದ ಅನ್ನ ಸಾರು ತಾನೂ ತಿಂದು ನಮಗೂ ತಿನ್ನಿಸುತ್ತಿದ್ದಳು. ಮಗುವಿನ ಮೇಲೆ ಜೀವವನ್ನೇ ಇಟ್ಟುಕೊಂಡವಳು. ಅಷ್ಟು ಪ್ರೀತಿಯಿಂದ ಅವಳು ನನ್ನ ಮಗಳನ್ನು ನೀರಿಲ್ಲದೆ ಒಣಗಿಸುತ್ತಿದ್ದಳು. ಅದನ್ನು ಅವಳಿಗೆ ಅರ್ಥ ಮಾಡಿಸುವ ಭಾಷೆ ನನಗೆ ಬರುತ್ತಿರಲಿಲ್ಲ.

ಇದರ ಮಧ್ಯೆ ಫೋನು. ಒಂದು ಅಪಾರ್ಟ್‌ಮೆಂಟಿನ ಪಂಪ್ ನನ್ನ ಅಂಗಡಿಯಲ್ಲಿ ಬಿಚ್ಚಿಕೊಂಡು ಬಿದ್ದಿತ್ತು. "ಇಡೀ ಬಿಲ್ಡಿಂಗ್‌ಗೆ ನೀರಿಲ್ಲ ಗುರೂ, ಇವತ್ತು ಕೊಡ್ತೀನಿ ಅಂದಿದ್ದೆ" ಎಂದು ಅಲ್ಲಿನ ಸೆಕ್ರೆಟರಿ ಕಿರುಚುತ್ತಿದ್ದ. ನಮ್ಮನೆಯಲ್ಲಿ ನೀರಿದೆ ಸಾರ್, ಕುಡಿಯುವವಳಿಲ್ಲ ಎಂದು ಹೇಳಬೇಕೆನಿಸಿತು. ನಾಳೆ ಕೊಡ್ತೀನಿ ಎಂದು ಇಟ್ಟೆ. ಮರುಕ್ಷಣವೇ ರೇಖಾಳ ಫೋನು. ಪರೀಕ್ಷೆಯ ಬಿಡುವಿನಲ್ಲಿ, ಪಿಸುಮಾತಿನಲ್ಲಿ. "ಸುಸ್ಸು ಹೋದ್ಲಾ?"

ಆಗ ಹೊಳೆಯಿತು.

ಬೆಳಿಗ್ಗೆಯಿಂದ ಹೋಗೇ ಇರಲಿಲ್ಲ.

ನಾನು ಅಂಗಡಿಗೆ ಇಳಿದಿದ್ದಾಗ ಹೋಗಿರಬಹುದೇನೋ ಎಂದು ಅವ್ವನನ್ನು ಕೇಳಿದೆ. ಇಲ್ಲ ಎಂದಳು. ಹಿಂದಿನ ರಾತ್ರಿ ಮಲಗುವ ಮುಂಚೆ ಹೋಗಿದ್ದೇ ಕೊನೆ. ಆಗಲೇ ಮಧ್ಯಾಹ್ನ ದಾಟಿತ್ತು. ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಪುಣ್ಯಕ್ಕೆ ಡಾಕ್ಟರಮ್ಮನೇ ಮಾತಿಗೆ ಸಿಕ್ಕಿದರು.

"ಅಳುವಾಗ ಕಣ್ಣೀರು ಬರ್ತಿದ್ಯಾ?"

ನಾನು ಗಮನಿಸಿರಲಿಲ್ಲ. ಅಳುವ ಮಗುವಿನ ಕಣ್ಣಲ್ಲಿ ನೀರಿದೆಯೇ ಎಂದು ಯಾರು ನೋಡುತ್ತಾರೆ? ಹೋಗಿ ನೋಡಿದೆ. ಚಿನ್ನು ನನ್ನನ್ನು ಕಂಡು ಅಳುವ ಮುಖ ಮಾಡಿದಳು. ಕಣ್ಣು ಒಣಗಿತ್ತು. ತುಟಿ ಬಿರಿದಿತ್ತು.

"ಜಾಸ್ತಿ ಕಾಯೋಕಾಗಲ್ಲ ಸಾರ್" ಎಂದರು ಡಾಕ್ಟರು. "ಈಗಲೇ ಟ್ರೈ ಮಾಡಿ, ಚಮಚದಲ್ಲಿ ಸ್ವಲ್ಪ ಸ್ವಲ್ಪ. ಒಂದು ಗಂಟೆಲಿ ಏನೂ ತಗೊಳ್ಳಲಿಲ್ಲ ಅಂದ್ರೆ ಹೊರಟು ಬಂದ್ಬಿಡಿ, ಅಡ್ಮಿಟ್ ಮಾಡ್ಕೊಂಡು ಡ್ರಿಪ್ ಹಾಕೋಣ. ಮಂಕಾದ್ರೆ, ತೂಕಡಿಸ್ತಾ ಇದ್ರೆ, ಆ ಒಂದು ಗಂಟೆನೂ ಕಾಯ್ಬೇಡಿ."

ಡ್ರಿಪ್. ಆ ಬೊಬ್ಬೆ ತುಂಬಿದ ಪುಟ್ಟ ಕೈಯಲ್ಲಿ ನರ ಹುಡುಕಿ ಸೂಜಿ ಚುಚ್ಚುವುದನ್ನು ನೆನೆಸಿಕೊಂಡೆ. ಮೆಡಿಕಲ್ ಶಾಪಿಗೆ ಓಡಿ ಸೂಜಿಯಿಲ್ಲದ ಸಿರಿಂಜೊಂದನ್ನು ತಂದೆ. ಓಆರ್‌ಎಸ್ ಕಲಸಿ ತುಂಬಿಸಿದೆ.

"ಅವ್ವಾ, ಕೈ ಹಿಡ್ಕೊ ಅವಳ್ದು. ಕೆನ್ನೆ ಸಂದಿಗೆ ಹಾಕ್ಬಿಡ್ತೀನಿ."

ಅವ್ವ ಹಿಡಿಯಲಿಲ್ಲ. ಬದಲಿಗೆ ನನಗೂ ಮಗುವಿಗೂ ನಡುವೆ ಬಂದು ಕೂತಳು. "ನನ್ನ ದಾಟಿ ಹೋಗು. ಅಮ್ಮನ ಬಾಯಿಗೆ ಸಿರಿಂಜು ತುರುಕ್ತೀಯಾ? ಒಲ್ಲೆ ಅಂತಾವ್ಳೆ, ಕಾಣಾಕಿಲ್ವಾ ನಿಂಗೆ?"

ನನ್ನ ತಲೆ ಕೆಟ್ಟುಹೋಯಿತು. ಅಲ್ಲಿಯವರೆಗೆ ಹಲ್ಲು ಕಚ್ಚಿ ಹಿಡಿದಿದ್ದೆಲ್ಲ ಒಂದೇ ಸಲ ಹೊರಗೆ ಬಂತು.

"ಹಂಗಾದ್ರೆ ನಿನ್ನ ಅಮ್ಮನಿಗೇ ಹೇಳು! ನೀರು ಕುಡಿ ಅಂತ ಹೇಳು! ನನ್ನ ಮಾತು ಕೇಳಲ್ಲ, ಡಾಕ್ಟ್ರ ಮಾತು ಕೇಳಲ್ಲ. ನಿನ್ನ ಮಾತಾದ್ರೂ ಕೇಳ್ತಾಳಾ ನೋಡು! ಇಲ್ಲ ಅಂದ್ರೆ ನಿನ್ನ ಅಮ್ಮನ್ನ ಇನ್ನೊಂದು ಗಂಟೇಲಿ ಆಸ್ಪತ್ರೆ ಮಂಚದ ಮೇಲೆ ಮಲಗಿಸಿ ಸೂಜಿ ಚುಚ್ಚುಸ್ತೀನಿ!"

ನಾನು ಹೇಳಿದ್ದು ಸಿಟ್ಟಿಗೆ. ಅವ್ವ ಅದನ್ನು ಕೆಲಸವೆಂದು ತೆಗೆದುಕೊಂಡಳು. ಒಂದು ಕ್ಷಣ ನನ್ನ ಮುಖ ನೋಡಿದಳು. ನನ್ನ ಕಣ್ಣಲ್ಲಿ ನೀರಿತ್ತು, ಅದನ್ನು ಕಂಡಳು ಅಂತ ಕಾಣುತ್ತದೆ. ಎದ್ದು ಬಚ್ಚಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡು, ಒದ್ದೆ ಕೂದಲಿನಲ್ಲೇ ಬಂದಳು. ಹಿತ್ತಾಳೆ ತಟ್ಟೆಯಲ್ಲಿ ಅರಿಶಿನ, ಕುಂಕುಮ, ಬೇವಿನ ಎಸಳು. ಚಿನ್ನುವಿನ ಪಾದದ ಹತ್ತಿರ ಇಟ್ಟು ಮಂಡಿಯೂರಿ ಕೂತಳು. ಮಗು ಅಜ್ಜಿಯನ್ನೇ ಕಣ್ಣು ಬಿಟ್ಟು ನೋಡುತ್ತಿತ್ತು.

"ತಾಯೀ, ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊ. ಬಂದು ಕೂತಿದೀಯ, ಬಾಯಾರಿದೀಯ. ತಂಪು ತಗೊಳ್ಳವ್ವಾ. ಏನು ತಂಪು ಬೇಕು ಅಂತ ನೀನೇ ಕೇಳು, ತಂದಿಡ್ತೀವಿ. ಎಳನೀರು ತರ್ಲಾ? ಮಜ್ಜಿಗೆ ತರ್ಲಾ? ಪಾನಕ ತರ್ಲಾ?"

ತಂಪು ಅಂದರೆ ಅಮ್ಮನಿಗೆ ಇಡುವ ಎಡೆ. ಮೊಸರನ್ನ, ಮಜ್ಜಿಗೆ, ಪಾನಕ, ಹೀಗೆ ಏನಾದರೂ ತಣ್ಣಗಿನದು. ಒಂದೊಂದು ಹೆಸರಿಗೂ ಚಿನ್ನು ಇಲ್ಲ ಇಲ್ಲ ಎಂದು ತಲೆಯಾಡಿಸಿದಳು. ನಾನು ಬಾಗಿಲಿಗೆ ಒರಗಿ ನಿಂತು, ಆಸ್ಪತ್ರೆಗೆ ಏನೇನು ಒಯ್ಯಬೇಕು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ.

"ಮತ್ತೇನು ಬೇಕು ತಾಯೀ? ಬಾಯಿ ಬಿಟ್ಟು ಕೇಳು."

ಚಿನ್ನು ಬಾಯಿ ಬಿಟ್ಟಳು. ಬೆಳಿಗ್ಗೆಯಿಂದ ಮೊದಲ ಮಾತು.

"ಐಸ್ ಕ್ರೀಮ್."

ಅವ್ವ ಹಾಗೇ ಕೂತಳು. ನಾನು ಹಾಗೇ ನಿಂತೆ. ಕೊಡಬಾರದು ಎಂದು ಹೇಳಲು ಅವ್ವನಿಗೆ ದಾರಿಯೇ ಇರಲಿಲ್ಲ. ಅಮ್ಮ ಕೇಳಿದ್ದನ್ನು ಕೊಡಬೇಕು ಎಂದವಳು ಅವಳೇ. ಬೇಡ ಎಂದದ್ದು ಅಮ್ಮನಾಗಿದ್ದರೆ, ಬೇಕು ಎಂದದ್ದೂ ಅಮ್ಮನೇ. ಅವಳ ಮುಖದ ಮೇಲೆ ಕಫ, ನೆಗಡಿ, ಕೆಮ್ಮು ಎಲ್ಲ ಸಾಲಾಗಿ ಹಾದುಹೋದವು. ಆಮೇಲೆ ತಿರುಗಿ ನನ್ನ ಮೇಲೆ ಗದರಿದಳು.

"ಕಂಬದಂಗೆ ನಿಂತಿದೀಯಲ್ಲೋ! ಅಮ್ಮ ಕೇಳವ್ಳೆ, ತಗೊಂಬಾ ಹೋಗು!"

ಸ್ಕೂಟರ್ ಸ್ಟಾಂಡ್ ತೆಗೆಯುವುದನ್ನೂ ಮರೆತು ಒಮ್ಮೆ ಬೀಳುವುದರಲ್ಲಿದ್ದೆ. ಬೇಕರಿಯಲ್ಲಿ ಸ್ಟ್ರಾಬೆರಿಯೋ ವೆನಿಲ್ಲಾನೋ ಎಂದು ಕೇಳಿದವನಿಗೆ, "ಅಣ್ಣಾ, ಯಾವ್ದೋ ಒಂದು ಕೊಡಿ ಬೇಗ" ಎಂದು ಎರಡು ವೆನಿಲ್ಲಾ ಕಪ್ ಕಸಿದುಕೊಂಡು ಬಂದೆ. ಅವ್ವ ಕಪ್ಪನ್ನು ಹಾಗೇ ಕೊಡಲು ಬಿಡಲಿಲ್ಲ. ತಟ್ಟೆಯಲ್ಲಿಟ್ಟಳು. ಅರಿಶಿನದ ನೀರು ಚಿಮುಕಿಸಿದಳು. ಕಪ್ಪಿನ ಮೇಲೆ ಒಂದು ಬೇವಿನ ಎಸಳಿಟ್ಟು ಕೈ ಮುಗಿದಳು. ನನಗೂ ಮುಗಿ ಎಂದು ಕಣ್ಣಲ್ಲೇ ಹೇಳಿದಳು. ಮುಗಿದೆ. ಆ ಹೊತ್ತಿನಲ್ಲಿ ಅವಳು ಅಂಗಡಿಯ ಡ್ರಿಲ್ಲಿಂಗ್ ಮೆಷಿನ್ನಿಗೆ ಕೈ ಮುಗಿ ಎಂದಿದ್ದರೂ ಮುಗಿಯುತ್ತಿದ್ದೆ.

ಮೊದಲ ಚಮಚ ನಾಲಿಗೆಗೆ ತಾಗಿದಾಗ ಚಿನ್ನು ಮುಖ ಹಿಂಡಿದಳು. ಆದರೆ ಉಗುಳದೆ ಹಾಗೇ ಇಟ್ಟುಕೊಂಡಳು. ಕರಗಿತು. ನುಂಗಿದಳು. ಆಮೇಲೆ, ಏನಾಶ್ಚರ್ಯ, ತಾನೇ ಬಾಯಿ ತೆರೆದಳು. ಇನ್ನೊಂದು ಚಮಚ. ಮತ್ತೊಂದು. ಬಾಯಿ ಮರಗಟ್ಟಿದ ಮೇಲೆ ಅದೇ ಚಮಚದಲ್ಲಿ ಅವ್ವ ನೋವಿನ ಸಿರಪ್ ಕೊಟ್ಟಳು, ಅದೂ ಹೋಯಿತು. ಸ್ವಲ್ಪ ಹೊತ್ತು ಬಿಟ್ಟು ಫ್ರಿಜ್ಜಿನಲ್ಲಿಟ್ಟ ಮಜ್ಜಿಗೆ. "ತಗೊಳ್ಳವ್ವಾ ತಾಯೀ, ತಂಪು ತಗೊ" ಎನ್ನುತ್ತಾ ಅವ್ವ ಕೊಡುತ್ತಲೇ ಹೋದಳು, ಚಿನ್ನು ದೇವರ ಗತ್ತಿನಲ್ಲಿ ಕುಡಿಯುತ್ತಲೇ ಹೋದಳು. ಕಪ್ಪಿನ ತಳದಲ್ಲಿ ಉಳಿದದ್ದನ್ನು ಅವ್ವ ನನಗೆ ನೀಡಿದಳು. ಪ್ರಸಾದ. ಅದೇ ಚಮಚ. ನಾನು ಎರಡನೇ ಯೋಚನೆಯಿಲ್ಲದೆ ನೆಕ್ಕಿದೆ. ಅವ್ವನೂ ಒಂದು ಚೂರು ನಾಲಿಗೆಗೆ ಹಚ್ಚಿಕೊಂಡಳು.

ಸಂಜೆ ಕಪ್ಪಾಗುವ ಮುಂಚೆ ಚಿನ್ನು, "ಅಜ್ಜಿ, ಸುಸ್ಸು" ಎಂದಳು.

ಅವಳನ್ನು ಎತ್ತಿಕೊಂಡು ಓಡಿದ್ದು ನಾನು. ಬಚ್ಚಲಿನ ಬಾಗಿಲಲ್ಲಿ ಅವ್ವ. ಆಗಷ್ಟೇ ಮೆಟ್ಟಿಲು ಹತ್ತಿ ಬಂದು, ಚಪ್ಪಲಿ ಕಾಲಲ್ಲೇ ನಿಂತ ರೇಖಾ. ಮೂರು ಜನ ದೊಡ್ಡವರು ಉಸಿರು ಬಿಗಿಹಿಡಿದು ಒಂದು ಸದ್ದಿಗೆ ಕಿವಿಗೊಟ್ಟು ನಿಂತಿದ್ದೆವು. ಸದ್ದು ಬಂತು. ರೇಖಾ ಅಲ್ಲೇ ಗೋಡೆಗೆ ಒರಗಿ ಅತ್ತುಬಿಟ್ಟಳು. ನಾನು ಡಾಕ್ಟರಿಗೆ ಫೋನ್ ಮಾಡಿದೆ. "ಗುಡ್. ಇವತ್ತು ಬರೋದು ಬೇಡ. ಹೀಗೇ ಕೊಡ್ತಾ ಇರಿ, ಬೆಳಿಗ್ಗೆ ಒಂದ್ಸಲ ತೋರ್ಸಿ" ಎಂದರು. ಐಸ್ ಕ್ರೀಮಿನ ಮೇಲೆ ಬೇವಿನ ಸೊಪ್ಪು ಇಟ್ಟ ವಿಷಯ ನಾನು ಹೇಳಲಿಲ್ಲ.

ಮುಂದಿನದೆಲ್ಲ ಸಲೀಸು. ಹುಣ್ಣು ಮಾಯಿತು. ಬೊಬ್ಬೆಗಳು ಒಣಗಿ ಕಂದು ಕಲೆಗಳಾದವು. ಚಿನ್ನುವಿನ ಮಾತು ವಾಪಸ್ ಬಂತು, ಬಡ್ಡಿ ಸಮೇತ. ಅವ್ವ ಬೇವಿನ ಸೊಪ್ಪು, ಅರಿಶಿನ ಹಾಕಿ ಕಾಯಿಸಿದ ನೀರು ಹೊಯ್ದು ಅಮ್ಮನನ್ನು ಕಳಿಸಿಕೊಟ್ಟಳು. ಮಂಗಳವಾರ ಮಾರಮ್ಮನ ಗುಡಿಗೆ ಮೊಸರನ್ನದ ಜೊತೆ ಒಂದು ವೆನಿಲ್ಲಾ ಕಪ್ ಕೂಡ ಹೊತ್ತುಕೊಂಡು ಹೋದಳು. ಪೂಜಾರಿ ಏನು ಹೇಳಿದನೋ ಗೊತ್ತಿಲ್ಲ, ಕಪ್ ಖಾಲಿಯಾಗಿ ಬಂತು. ಈಗ ರಸ್ತೆಯಲ್ಲಿ ಯಾರೇ ಸಿಕ್ಕಲಿ, "ನಮ್ಮನೆಗೆ ಬಂದಿದ್ದ ಅಮ್ಮ ಐಸ್ ಕ್ರೀಮೇ ಬೇಕು ಅಂದ್ಲು" ಎಂದು ಹೇಳುತ್ತಾಳೆ. ಅದನ್ನು ಮೊದಲು ಡಾಕ್ಟರು ಹೇಳಿದ್ದರು, ನಾನು ತಂದಿದ್ದೆ, ನೀನು ಮೇಲಿನ ಮನೆಗೆ ದಾನ ಮಾಡಿದ್ದೆ ಎಂದು ನೆನಪಿಸಿದರೆ, "ಅವತ್ತು ಅಮ್ಮ ಕೇಳಿರ್ಲಿಲ್ವಲ್ಲ" ಎನ್ನುತ್ತಾಳೆ.

ಆ ಮಂಗಳವಾರದ ಸಂಜೆಯೇ ನನಗೆ ಸಣ್ಣಗೆ ಚಳಿಯಾಯಿತು. ಮೈಕೈ ನೋವು. ಪಂಪ್ ಎತ್ತಿದ್ದಕ್ಕೆ ಇರಬೇಕು ಎಂದುಕೊಂಡೆ. ಬೆಳಿಗ್ಗೆ ಎದ್ದು ಬಿಸಿ ಕಾಫಿಯ ಮೊದಲ ಗುಟುಕು ಕುಡಿದೆ.

ಕಿರುಚಿಕೊಂಡೆ.

ಲೋಟ ಕೈಜಾರಿತು. ರೇಖಾ ಟಾರ್ಚ್ ತಂದು ಬಾಯಿಯೊಳಗೆ ನೋಡಿ, ನಗಬಾರದು ಎಂದು ತುಟಿ ಕಚ್ಚಿಕೊಂಡಳು. ದೊಡ್ಡವರಿಗೆ ಬರುವುದು ಕಡಿಮೆಯಂತೆ, ಬಂದರೆ ಹೀಗೇ ಬರುತ್ತದಂತೆ. ಪ್ರಸಾದ ತಿಂದ ಅವ್ವನಿಗೆ ಏನೂ ಆಗಲಿಲ್ಲ. ಗುಂಡುಕಲ್ಲಿನ ಹಾಗೆ ಓಡಾಡಿಕೊಂಡಿದ್ದಳು. ಅಂಗೈಯಲ್ಲಿ ಬೊಬ್ಬೆ ಎದ್ದು ನಾನು ಸ್ಕ್ರೂಡ್ರೈವರ್ ಹಿಡಿಯಲಾಗದೆ ಅಂಗಡಿ ಮುಚ್ಚಿದೆ. ನೋವು ಅಂದರೆ ಬರೀ ನೋವಲ್ಲ. ನಾಲಿಗೆಯ ಮೇಲೆ ಗಾಜಿನ ಪುಡಿ ಹರಡಿದಂತೆ. ಎಂಜಲು ನುಂಗುವ ಮುಂಚೆ ಧೈರ್ಯ ತಂದುಕೊಳ್ಳಬೇಕು. ಬರೀ ನೀರು, ಸಪ್ಪೆ ನೀರು, ಉರಿಯುತ್ತದೆ. ಮೂವತ್ತೇಳು ವರ್ಷದ ನಾನು ಗೋಡೆಗೆ ಮುಖ ಮಾಡಿ ಮಲಗಿ, ಯಾರು ಏನು ತಂದರೂ ಬೇಡ ಬೇಡ ಎಂದು ಕೈಯಾಡಿಸಿದೆ. ಇದನ್ನು ನಾಲ್ಕು ವರ್ಷದ ಮಗು ಹೇಗೆ ತಡೆದುಕೊಂಡಿತು? ಉರಿಯಲ್ಲ ಎಂದು ಪ್ರಾಮಿಸ್ ಮಾಡಿದ ಅಪ್ಪನನ್ನು ಅದು ಹೇಗೆ ಮತ್ತೆ ಹತ್ತಿರ ಸೇರಿಸಿಕೊಂಡಿತು?

ಮಧ್ಯಾಹ್ನ ಯಾರೋ ಹಾಸಿಗೆ ಹತ್ತಿದ ಹಾಗಾಯಿತು. ತಿರುಗಿ ನೋಡಿದರೆ ಚಿನ್ನು. ಒಂದು ಕೈಯಲ್ಲಿ ಕಪ್ಪು, ಇನ್ನೊಂದರಲ್ಲಿ ಚಮಚ. ಕಪ್ಪಿನ ಮೇಲೆ ಒಂದು ಬೇವಿನ ಎಲೆ. ಬಾಗಿಲಲ್ಲಿ ನಿಂತಿದ್ದ ಅವ್ವ ಏನೂ ಗೊತ್ತಿಲ್ಲದವಳ ಹಾಗೆ ಎತ್ತಲೋ ನೋಡುತ್ತಿದ್ದಳು.

ಚಿನ್ನು ಕಪ್ಪನ್ನು ನನ್ನ ಎದೆಯ ಮೇಲಿಟ್ಟು, ನಾಲ್ಕು ದಿನದ ಗಡ್ಡ ಬಿಟ್ಟ ನನಗೆ ಅಜ್ಜಿಯಂತೆಯೇ ಕೈ ಮುಗಿದಳು. "ತಾಯೀ, ತಂಪು ತಗೊ" ಎಂದಳು. ಆಮೇಲೆ ಚಮಚ ತುಂಬಿಸಿ ನನ್ನ ಬಾಯಿಯ ಹತ್ತಿರ ತಂದು, ದನಿ ತಗ್ಗಿಸಿ, ನಮ್ಮಿಬ್ಬರಿಗೆ ಮಾತ್ರ ಕೇಳುವ ಹಾಗೆ ಹೇಳಿದಳು.

"ಉರಿಯುತ್ತೆ ಅಪ್ಪಾ. ಫಸ್ಟ್ ಉರಿಯುತ್ತೆ. ಆಮೇಲೆ ಸರಿಹೋಗುತ್ತೆ."

ನಾನು ಬಾಯಿ ತೆರೆದೆ.